ರುಚಿ ಎಂದು ಬರೆದ ಡಬ್ಬಿ

ಶೆಟಗೇರಿಯ ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಉಪ್ಪನ್ನು ಉಪ್ಪು ಎನ್ನುವಂತಿರಲಿಲ್ಲ. ರುಚಿ ಎನ್ನಬೇಕು. ಗಂಜಿಗೆ ರುಚಿ ಸಾಲದು, ಸಾರಿಗೆ ಎರಡು ಕಲ್ಲು ರುಚಿ ಹಾಕು, ರುಚಿ ಹಾಕಿಡುವ ಮರದ ಮರಿಗೆ ಎಲ್ಲಿಟ್ಟೆ, ಹೀಗೆ. ಬೆಳಗಾದರೆ ಮತ್ತೆ ಉಪ್ಪು ಉಪ್ಪೇ. ಈ ಕಾಯಿದೆ ಗಂಗೂ ಅಜ್ಜಿಯದು. ಅವಳಿಗೆ ಅದು ಅವಳ ಅಜ್ಜಿಯಿಂದ ಬಂದದ್ದು.

ಮೊಮ್ಮಗ ಭರತನ ಕೈಹಿಡಿದು ಚಿತ್ತಾಕುಲದಿಂದ ಬಂದ ರೂಪಾಲಿ ಮೊದಲ ವಾರವೇ ಸಿಕ್ಕಿಬಿದ್ದಿದ್ದಳು. ಮೂರುಸಂಜೆಯಲ್ಲಿ ಸಾರು ಕುದಿಸುತ್ತ, ತವರಿನ ಕೊಂಕಣಿಯಲ್ಲಿ ಮೀಟ್ ಎಲ್ಲಿದೆ ಎಂದು ಕೇಳಿಬಿಟ್ಟಳು.

"ನಾ ಉಪ್ಪು ಅನ್ಲಿಲ್ಲಲ್ಲ ಅಜ್ಜಿ. ಮೀಟ್ ಅಂದದ್ದು."

"ಗಾಳಿಗೆ ಕೊಂಕಣಿ ಬರುದಿಲ್ಲ ಅಂತ ಮಾಡಿದ್ಯೆ? ಅದು ಇಲ್ಲಿಗೆ ಬರೂದೇ ಕಾರವಾರದ ಮೇಲಿಂದ."

ನಾದಿನಿ ವಿದ್ಯಾ ಆ ದಿನ ಬಾಗಿಲ ಮರೆಯಲ್ಲಿ ನಿಂತು ನಕ್ಕಿದ್ದಳು. ಆದರೆ ಅವಳೂ ದೀಪ ಹಚ್ಚಿದ ಮೇಲೆ ಆ ಹೆಸರು ಹೇಳಿದವಳಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದುವಾಗ ಹಾಸ್ಟೆಲಿನ ಊಟದ ಮೇಜಿನಲ್ಲೂ ಅವಳ ಬಾಯಿಂದ ರುಚಿ ಎಂದೇ ಬರುತ್ತಿತ್ತು. ತಾಯಿ ಹೋದ ಮೇಲೆ ಅವಳನ್ನು ಬೆಳೆಸಿದ್ದು ಅಜ್ಜಿ. ಅಜ್ಜಿ ಅನ್ನಕ್ಕಿಂತ ಹೆಚ್ಚಾಗಿ ಕಥೆ ಉಣ್ಣಿಸಿದ್ದಳು.

ಅದರಲ್ಲೊಂದು ಉಪ್ಪಿನವಳ ಕಥೆ. ಕಡಲ ನೀರು ಕಟ್ಟಿ ಉಪ್ಪು ಬೆಳೆಯುವ ಆಗರದಲ್ಲಿ ಉಪ್ಪು ಎಳೆಯುವವಳೊಬ್ಬಳಿದ್ದಳಂತೆ. ಗಂಡ ಕಡಲಿಗೆ ಹೋದವ. ಅವನ ದೋಣಿಯ ಬೆನ್ನಿಗೆ ಬಿದ್ದ ಗಾಳಿಯನ್ನು ಅವಳು ಮಾತಿನಲ್ಲಿ ಮರುಳು ಮಾಡಿ ಕರೆತಂದು ಒಂದು ಬುಟ್ಟಿ ಉಪ್ಪಿನೊಳಗೆ ಕೂರಿಸಿಬಿಟ್ಟಳು. ಕಲ್ಲುಕಲ್ಲಿನ ಹೊಟ್ಟೆಯಲ್ಲೂ ಗಾಳಿಯ ಉಸಿರು. ಹಗಲು ಅದಕ್ಕೆ ನಿದ್ದೆ. ದೀಪ ಹಚ್ಚಿದ ಮೇಲೆ ಹೆಸರು ಹಿಡಿದು ಕರೆದರೆ ಮಾತ್ರ ಎಚ್ಚರ. ಒಂದು ಸಂಜೆ ಅವಳ ಮಗುವೇ ಕರೆದುಬಿಟ್ಟಿತು. ಗಾಳಿ ಎದ್ದಿತು, ತಾನು ಒಳಗಿದ್ದಷ್ಟು ಕಾಲದ ಬಾಬ್ತು ಒಂದು ಉಸಿರು ಕೇಳಿತು. ಅವಳು ಮಗುವನ್ನು ಹೊರಗೆ ದೂಡಿ ಒಳಗಿಂದ ಬಾಗಿಲು ಹಾಕಿಕೊಂಡಳು.

"ಆಮೇಲೆ?"

"ಆಮೇಲೆ ಎಂತದು? ಆಮೇಲೆ ನಿಂಗೆ ನಿದ್ದೆ."

ಕಥೆ ಯಾವತ್ತೂ ಅಲ್ಲಿಗೇ ನಿಲ್ಲುತ್ತಿತ್ತು. ಕೇಳುವವರು ಮಾತಿಗೊಮ್ಮೆ ಹೂಂ ಎನ್ನುತ್ತಿರಬೇಕು, ಹೂಂ ನಿಂತರೆ ಕಥೆಯೂ ನಿಂತಿತು ಎಂಬುದು ಅಜ್ಜಿಯ ಇನ್ನೊಂದು ಕಾಯಿದೆ. ಈಗ ಹೂಂ ಎನ್ನುವ ಸರದಿ ಭರತನ ಮಗಳು ದೀಕ್ಷಾಳದು. ಆರು ವರ್ಷದ ಆ ಹುಡುಗಿಗೆ ಉಬ್ಬಸ. ಮಳೆಗಾಲ ಹಿಡಿಯಿತೆಂದರೆ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದುತ್ತಿರುವ ಸದ್ದು. ಭರತ ಮಡಗಾಂವಿನ ಕೆಲಸದಿಂದ ದಿನಾ ಫೋನು ಮಾಡಿ ಮೊದಲು ಕೇಳುವ ಮಾತು ಒಂದೇ: "ಉಸಿರು ಹೆಂಗದೆ?" ಮನೆಮಂದಿಯೆಲ್ಲ ಅವಳ ಹೂಂ ಕೇಳಿಯೇ ಅದನ್ನು ಅಳೆಯುತ್ತಿದ್ದರು. ಹೂಂ ಉದ್ದವಾಗಿದ್ದರೆ ಎದೆ ಸಡಿಲ. ಗಿಡ್ಡವಾದರೆ ಬಾಯಿಗೆ ಹೊಡೆಯುವ ಔಷಧಿಯ ಪಂಪು ಹುಡುಕಬೇಕು.

ವಿದ್ಯಾಳ ಕೆಲಸವೂ ಒಂದು ಬಗೆಯಲ್ಲಿ ಉಸಿರು ಕಟ್ಟುವ ಕೆಲಸವೇ. ಕಾಳಿ ನದಿ ಕಡಲು ಸೇರುವಲ್ಲಿ, ಚಿತ್ತಾಕುಲದ ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದನ್ನು ಬಾಡಿಗೆಗೆ ಹಿಡಿದು ಒಂದು ಸಣ್ಣ ಸಂಶೋಧನಾ ಕಂಪನಿ ಪ್ರಯೋಗಾಲಯ ಮಾಡಿಕೊಂಡಿತ್ತು. ಹೈಡ್ರೋಜನ್ ಉರಿದರೆ ಹೊಗೆಯಿಲ್ಲ, ಮಸಿಯಿಲ್ಲ, ಉಳಿಯುವುದು ನೀರು. ಆದರೆ ಅದಕ್ಕಿಂತ ಹಗುರಾದದ್ದು ಲೋಕದಲ್ಲಿಲ್ಲ. ಎಲ್ಲಿ ಹಿಡಿದಿಟ್ಟರೂ ನುಸುಳುತ್ತದೆ, ತುಂಬಿಡಬೇಕೆಂದರೆ ಭಾರೀ ಒತ್ತಡ ಬೇಕು. ಅದೇ ಹೈಡ್ರೋಜನ್ನಿಗೆ ನೈಟ್ರೋಜನ್ನಿನ ಕೈ ಹಿಡಿಸಿದರೆ ಅಮೋನಿಯಾ ಆಗುತ್ತದೆ, ಸಾಗಿಸಲು ಬಗ್ಗುತ್ತದೆ. ಆದರೆ ಅಮೋನಿಯಾ ಸೋರಿದರೆ ಕಣ್ಣು, ಗಂಟಲು, ಎದೆಗೂಡು ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಅದಕ್ಕೆ ಕೂರಲು ಒಂದು ಮನೆ ಬೇಕು. ಆ ಮನೆಯನ್ನು ವಿದ್ಯಾ ಉಪ್ಪಿನಲ್ಲಿ ಕಟ್ಟಿದ್ದಳು.

ಆಗರದಲ್ಲಿ ಉಪ್ಪು ಎಳೆದಾದ ಮೇಲೆ ತಳದಲ್ಲಿ ಕಹಿ ನೀರು ಉಳಿಯುತ್ತದೆ. ಯಾರಿಗೂ ಬೇಡದ ನೀರು. ಅದರಿಂದ ಅವಳು ಮೆಗ್ನೀಸಿಯಂ ಕ್ಲೋರೈಡ್ ಎಂಬ ಇನ್ನೊಂದು ಬಗೆಯ ಉಪ್ಪನ್ನು ಬೇರ್ಪಡಿಸಿ, ಒಣಗಿಸಿ, ಅಮೋನಿಯಾ ಕುಡಿಸಿದಳು. ಉಪ್ಪು ಹುರಿದ ಭತ್ತದ ಹೊದಲಿನಂತೆ ಅರಳಿತು. ಒತ್ತಿ ಕಲ್ಲುಪ್ಪಿನಷ್ಟೇ ಸಣ್ಣ ಬಿಳಿ ಬಿಲ್ಲೆ ಮಾಡಿದರೆ ಅಂಗೈಯಲ್ಲಿ ಹಿಡಿದುಕೊಳ್ಳಬಹುದು. ಮೂಗಿಗೆ ತೀರ ಹತ್ತಿರ ಹಿಡಿದರಷ್ಟೇ ಬಾವಲಿ ಗೂಡಿನ ಸಣ್ಣ ವಾಸನೆ. ಬಿಸಿ ಮಾಡಿದರೆ, ಇಲ್ಲವೇ ನೀರು ತಾಗಿಸಿದರೆ, ಒಳಗಿನದು ಹೊರಗೆ. ಉಪ್ಪಿನ ಒಂದೊಂದು ಅಣುವಿನ ಸುತ್ತ ಅಮೋನಿಯಾದ ಎಷ್ಟು ಅಣು ಕೂರುತ್ತವೆ ಎಂದು ಲೆಕ್ಕ ಮಾಡಿದ ದಿನ ವಿದ್ಯಾ ತನ್ನಷ್ಟಕ್ಕೆ ನಕ್ಕಿದ್ದಳು. ಆರು. ಅಜ್ಜಿ ಎಷ್ಟು ಉಸಿರು ಎಂದು ಯಾವತ್ತೂ ಹೇಳಿರಲಿಲ್ಲ.

ಆ ನಗುವಿನಲ್ಲೇ ಅವಳು ಅದಕ್ಕೆ ರುಚಿ ಎಂದು ಹೆಸರಿಟ್ಟಳು. ಮೇಲಿನವರಾದ ರವಿಕಿರಣ ಸರ್ ಅರ್ಥ ಕೇಳಿದಾಗ, "ನಮ್ಮನೆ ಕಡೆ ಹಾಗೆ, ಸರ್" ಎಂದಷ್ಟೇ ಹೇಳಿದಳು. ರುಚಿ ಒಂದು, ರುಚಿ ಎರಡು ಎಂದು ಡಬ್ಬಿಗಳು ಸಾಲಾದವು. ಬಿಲ್ಲೆಯಿಂದ ಹೊರಟ ಅಮೋನಿಯಾವನ್ನು ಕಾದ ಕೊಳವೆಯಲ್ಲಿ ಒಡೆದು, ಬಂದ ಹೈಡ್ರೋಜನ್ನಿನಿಂದ ಒಂದು ದೋಣಿಯ ದೀಪ ಉರಿಸಿ ತೋರಿಸುವುದೆಂದು ಸೋಮವಾರಕ್ಕೆ ನಿಗದಿಯಾಯಿತು. ಹಣ ಹಾಕುವವರು ನೋಡಲು ಬರುವವರಿದ್ದರು.

ಅಷ್ಟರಲ್ಲಿ ಆಷಾಢದ ಮಳೆ ಬಿಡದೆ ಹಿಡಿಯಿತು. ಫ್ಯಾಕ್ಟರಿಯ ತಗಡು ಸೋರಿತು. ಕರೆಂಟು ಹೋಗಿ ಗಾಳಿ ಒಣಗಿಸುವ ಯಂತ್ರ ನಿಂತಿತು. ಎರಡು ಡಬ್ಬಿಯ ಬಿಲ್ಲೆಗಳು ತೇವ ಕುಡಿದು, ಹುಳಿಬಂದ ಹಿಟ್ಟಿನಂತೆ ಉಬ್ಬಿ ಹಾಳಾದವು. ಹಳೆಯ ಗೋಡೆಗಳಲ್ಲಿ ಮಲಗಿದ್ದ ಐಸ್ ಫ್ಯಾಕ್ಟರಿಯ ಕಾಲದಲ್ಲಿ ತಂಪಿಗೆ ಬಳಸುತ್ತಿದ್ದ ಅಮೋನಿಯಾದ ವಾಸನೆಯೂ ಎದ್ದಂತಾಯಿತು. ಒಳಗೆ ಕಾಲಿಟ್ಟರೆ ಯಾರೋ ಈಗಷ್ಟೇ ಎದ್ದು ಹೋದಂತೆ. ಉಳಿದದ್ದು ಒಂದೇ ಡಬ್ಬಿ. ಶನಿವಾರ ಸಂಜೆ ವಿದ್ಯಾ ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದಳು.

ತರಬಾರದು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಈ ಕರಾವಳಿಯಲ್ಲಿ ಮಳೆಗಾಲಕ್ಕೆ ಒಣ ಜಾಗ ಯಾವುದೆಂದು ಯಾರನ್ನು ಕೇಳಿದರೂ ಹೇಳುವುದು ಒಲೆಯ ಮೇಲಿನ ಅಟ್ಟ. ಮುರುಗಲು ಸಿಪ್ಪೆ, ಒಣಮೀನು, ಬೀಜದ ಸೌತೆಕಾಯಿ ಎಲ್ಲ ಅಲ್ಲೇ ಬದುಕುವುದು. ಅಟ್ಟದ ಬಿಸಿ ಬಿಲ್ಲೆಯನ್ನು ಎಬ್ಬಿಸುವಷ್ಟಲ್ಲ ಎಂದೂ ಅವಳು ಲೆಕ್ಕ ಹಾಕಿದ್ದಳು. ಬಂದಾಗ ರೂಪಾಲಿ ಮಗುವಿಗೆ ಉಣ್ಣಿಸುತ್ತಿದ್ದಳು, ಅಜ್ಜಿ ಕಥೆ ಹೇಳುತ್ತಿದ್ದಳು. ವಿದ್ಯಾ ಏಣಿ ಹತ್ತಿ, ಮುರುಗಲಿನ ಭರಣಿಯ ಹಿಂದೆ ಡಬ್ಬಿಯನ್ನು ತಳ್ಳಿಟ್ಟಳು. ಹೇಳಿದರೆ ನೂರು ಪ್ರಶ್ನೆ. ಹೇಳದಿದ್ದರೆ ಮಳೆಗಾಲದಲ್ಲಿ ಅಟ್ಟ ಹತ್ತುವವರು ಯಾರು ಎಂದುಕೊಂಡಳು. ಮುಚ್ಚಳಕ್ಕೆ ಹೇಗೂ ತಲೆಬುರುಡೆಯ ಗುರುತಿನ ಇಂಗ್ಲಿಷ್ ಚೀಟಿ ಅಂಟಿಸಿತ್ತು. ಬದಿಗೆ ಅವಳದೇ ಕೈಬರಹದಲ್ಲಿ, ದಪ್ಪ ಶಾಯಿಯಲ್ಲಿ, ಕನ್ನಡದ ಎರಡಕ್ಷರ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅವಳು ಸೋಮವಾರದ ತಯಾರಿಗೆಂದು ಚಿತ್ತಾಕುಲಕ್ಕೆ ಹೋದಳು. ಸಂಜೆ ಹಿಂದಿರುಗುವ ಬಸ್ಸಿನಲ್ಲಿ, ಅಂಕೋಲೆ ಇನ್ನೇನು ಬಂತು ಎನ್ನುವಾಗ, ಕರವಸ್ತ್ರಕ್ಕೆಂದು ಬ್ಯಾಗಿಗೆ ಕೈಹಾಕಿದರೆ ಬೆರಳಿಗೆ ಏನೋ ಅಂಟಿತು. ಎಳೆದು ತೆಗೆದಳು. ತೇವಕ್ಕೆ ಕಿತ್ತುಬಂದು ಬ್ಯಾಗಿನ ಒಳಬಟ್ಟೆಗೆ ಮೆತ್ತಿಕೊಂಡಿದ್ದ ಚೀಟಿ. ತಲೆಬುರುಡೆ ಮಡಿಚಿಕೊಂಡು ಅರ್ಧ ಮುಖವಾಗಿತ್ತು.

ಕಿಟಕಿಯಾಚೆ ಅಂಗಡಿಗಳ ದೀಪ ಒಂದೊಂದೇ ಹತ್ತಿಕೊಳ್ಳುತ್ತಿದ್ದವು. ಅವಳು ಮನೆಗೆ ಫೋನು ಹಚ್ಚಿದಳು.

"ಅತ್ಗೆ, ದೀಕ್ಷಾ ಹೆಂಗಿದ್ದಾಳೆ?"

"ಬೆಳಿಗ್ಗಿಂದ ಎದೆ ಸುಂಯ್ ಅಂತಿತ್ತು ಗೋ. ಪಂಪ್ ಹೊಡ್ದೆ, ಈಗ ಅಡ್ಡಿಲ್ಲ," ಎಂದಳು ರೂಪಾಲಿ. "ಆದ್ರೆ ಅಜ್ಜಿ ಬಿಡ್ಬೇಕಲ್ಲ. ನಿನ್ನೆ ಬಳೆಗಾರ್ತಿ ಬಂದು, ಎಷ್ಟು ಚಂದ ಕಣ್ಣು ಹುಡ್ಗಿದು ಅಂದ್ಲಂತೆ. ದೃಷ್ಟಿ ಆಗದೆ ಅಂತ ಬಚ್ಚಲಲ್ಲಿ ಕೂರ್ಸ್ಕೊಂಡು ತೆಗಿತಾ ಇದ್ದಾಳೆ."

ವಿದ್ಯಾ ನಕ್ಕಳು. "ತೆಗೀಲಿ ಬಿಡು. ಮೆಣಸು ಮಾತ್ರ ಬ್ಯಾಡ ಅನ್ನು. ಘಾಟಿಗೆ ಕೆಮ್ಮು ಬತ್ತದೆ."

"ನಾನೂ ಅದೇ ಹೇಳ್ದೆ. ಬರೀ ರುಚಿ ಸಾಕು ಅಂದ್ಲು. ಮರಿಗೇಲಿ ಇದ್ದದ್ದೆಲ್ಲ ಮಳೆಗೆ ನೀರಾಗಿತ್ತು ನೋಡು. ಚಲೋ ಆಯ್ತು, ನೀ ಒಣಗಿದ್ದು ತಂದಿಟ್ಟಿದ್ದಿ."

"ನಾ ಎಲ್ಲಿ ತಂದೆ?"

"ಅಟ್ಟದ ಮೇಲೆ ಗೋ. ಡಬ್ಬಿ ಮೇಲೆ ಬರ್ದೇ ಇಟ್ಟಿದ್ದಿ. ನಾ ಓದಿ ಹೇಳ್ದಾಗ ಅಜ್ಜಿಗೆ ಎಷ್ಟು ಖುಷಿ ಅಂತಿ. ಅಷ್ಟೊಂದು ಕಲ್ತರೂ ಮೊಮ್ಮಗಳು ಹೆಸ್ರು ತಪ್ಪಿ ಬರೀಲಿಲ್ಲ ಅಂತ ಹೇಳಿ—"

ವಿದ್ಯಾಳ ಅಂಗೈಯಲ್ಲಿ ಚೀಟಿ ಒದ್ದೆಯಾಗಿ ಮುದುಡಿತು. ಈ ಭೂಮಿಯ ಮೇಲೆ ಬೇರಾವ ಮನೆಯವರು ಡಬ್ಬಿಯ ಬದಿಯ ಬರಹವನ್ನು ಓದಿದ್ದರೂ ತಿನ್ನುವ ಮಸಾಲೆಯೋ ಯಾರದೋ ಹೆಸರೋ ಎಂದು ಪಕ್ಕಕ್ಕಿಡುತ್ತಿದ್ದರು. ದೀಪ ಹಚ್ಚಿದ ಮೇಲೆ ಆ ಎರಡಕ್ಷರಕ್ಕೆ ಒಂದೇ ಅರ್ಥವಿದ್ದ ಮನೆ ಅದೊಂದೇ.

"ಅತ್ಗೆ, ಬಚ್ಚಲ ಒಲೆ ಉರೀತಿದ್ಯಾ?"

"ಮತ್ತೆ? ಬಿಸ್ನೀರು ಕಾಯ್ತಾ ಉಂಟು."

"ಒಲೆಗೆ ಹಾಕ್ಬೇಡ ಅನ್ನು. ಅದು ಅದಲ್ಲ. ಓಡು, ಮೊದ್ಲು ದೀಕ್ಷಾನ ಹೊರಗೆ ತಾ."

ರೂಪಾಲಿಯ ಚಪ್ಪಲಿಯ ಸದ್ದು ಕೇಳಿತು. ದೂರದಲ್ಲಿ ಅಜ್ಜಿಯ ರಾಗವೂ: ಹೋದವರ ಕಣ್ಣು, ಬಂದವರ ಕಣ್ಣು, ಬಳೆಗಾರ್ತಿ ಕಣ್ಣು. ಆಮೇಲೆ ಹಸಿ ಸೌದೆ ಸಿಡಿದಂತೆ ಒಂದು ಸದ್ದು. ರಾಗ ನಿಂತಿತು. ಫೋನು ನೆಲಕ್ಕೆ ಬಿತ್ತು, ಮಳೆಯ ಸದ್ದು ಬಹಳ ಹತ್ತಿರ ಬಂತು, ಸಂಪರ್ಕ ಕಡಿಯಿತು.

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ನೆರೆಮನೆಯ ಜಟ್ಟು ತನ್ನ ಆಟೋದಲ್ಲಿ ಕೂತು ಬೀಡಿ ಸೇದುತ್ತಿದ್ದ. ವಿದ್ಯಾಳ ಮುಖ ನೋಡಿ ಬೀಡಿ ಬಿಸಾಡಿದ.

"ಎಂತಾಯ್ತೆ ತಂಗಿ?"

"ಮನೇಲಿ ಗ್ಯಾಸು, ಜಟ್ಟಣ್ಣ. ಜೋರು ಬಿಡು."

"ಸಿಲಿಂಡರಾ?"

"ಸಿಲಿಂಡರಾಗಿದ್ರೆ ನಾನೇ ದೇವ್ರಿಗೆ ಕಾಯಿ ಒಡೀತಿದ್ದೆ."

ಅವನು ಮತ್ತೇನೂ ಕೇಳಲಿಲ್ಲ. ದಾರಿಯುದ್ದಕ್ಕೂ ಅವಳು ಫೋನು ಹಚ್ಚುತ್ತಲೇ ಇದ್ದಳು; ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ತೋಡುಗಳು ತುಂಬಿ ರಸ್ತೆಗೆ ಹತ್ತಿದ್ದವು. ಮನೆಯ ತಿರುವಿನಲ್ಲೇ ಅವಳ ಮೂಗಿಗೆ ಅದು ತಾಗಿತು. ಚಿತ್ತಾಕುಲದ ಗೋಡೆಗಳ ಅದೇ ವಾಸನೆ, ಅವಳಿಗಿಂತ ಮುಂಚೆ ಮನೆಗೆ ಬಂದು ಕೂತಿತ್ತು.

ಜಟ್ಟುವಿನ ಹೆಂಡತಿ ನಾಗು ತನ್ನ ಜಗಲಿಯಿಂದ ಕೈ ಬೀಸಿದಳು. ಅವಳ ಪಕ್ಕದಲ್ಲಿ ರೂಪಾಲಿ, ಮಡಿಲಲ್ಲಿ ತೊಯ್ದು ತೊಪ್ಪೆಯಾದ ದೀಕ್ಷಾ. ಮಗು ಕೆಮ್ಮುತ್ತಿತ್ತು. ಕೆಮ್ಮುತ್ತಿದೆ, ಅಂದರೆ ಉಸಿರಿದೆ. ರೂಪಾಲಿಯ ಕಣ್ಣು ಕೆಂಡವಾಗಿದ್ದವು.

"ಅಜ್ಜಿ ಇವ್ಳನ್ನ ಎತ್ತಿ ಹೊರಗೆ ಒಗ್ದೇಬಿಟ್ಲು ಗೋ. ಒಳಗಿಂದ ಅಗಳಿ ಹಾಕ್ಕೊಂಡ್ಲು. ಎಷ್ಟು ಬಡಿದ್ರೂ ತೆಗೀಲಿಲ್ಲ. ಅದು ಮಗೀ ಹಿಂದೆ ಬತ್ತದೆ, ಬಾಗ್ಲು ತೆಗೀಬೇಡಿ ಅಂದ್ಲು. ಆಮೇಲೆ ಮಾತೇ ಇಲ್ಲ."

ವಿದ್ಯಾ ಬಚ್ಚಲ ಕಡೆ ಓಡಿದಳು. ಬಚ್ಚಲ ಬಾಗಿಲ ಸಂದಿನಿಂದ ಬಿಳಿ ಹೊಗೆ ನೆಲಕ್ಕೆ ತಾಗಿ ಹರಿಯುತ್ತಿತ್ತು, ಅವಸರವಿಲ್ಲದೆ. ಅವಳಿಗೆ ಗೊತ್ತಿದ್ದದ್ದು ಒಂದು: ಅಮೋನಿಯಾಕ್ಕೆ ನೀರೆಂದರೆ ಪ್ರೀತಿ, ನೀರು ಸಿಕ್ಕರೆ ಅದರಲ್ಲೇ ಇಳಿದುಬಿಡುತ್ತದೆ.

"ಜಟ್ಟಣ್ಣ, ಮಾಡಿನ ಹೆಂಚು ತೆಗಿ. ಎಲ್ಲಾ ತೆಗಿ. ಮಳೆ ಒಳಗೆ ಬೀಳ್ಲಿ."

ಜಟ್ಟು ಬಾಳೆಗೊನೆ ಕಡಿಯುವ ಏಣಿ ಇಟ್ಟು ಹತ್ತಿ, ಮುಖ ತಿರುಗಿಸಿಕೊಂಡು ಹೆಂಚುಗಳನ್ನು ಕಿತ್ತು ಅಂಗಳಕ್ಕೆ ಒಗೆದ. ಮಳೆ ಒಳಗಿಳಿಯಿತು. ಒಲೆ ಚುಂಯ್ ಎಂದು ಆರಿತು. ವಿದ್ಯಾ ಚೂಡಿದಾರದ ಶಾಲನ್ನು ಕೊಡದ ನೀರಲ್ಲಿ ಅದ್ದಿ ಮೂಗುಬಾಯಿಗೆ ಸುತ್ತಿಕೊಂಡಳು. ಹೊಗೆ ತೆಳ್ಳಗಾಗಲು ಕಾದು, ಇಬ್ಬರೂ ಸೇರಿ ಬಾಗಿಲು ಒದ್ದರು. ಅಗಳಿ ಮುರಿಯಿತು.

ಗಂಗೂ ಅಜ್ಜಿ ನೆಲದ ಮೇಲೆ, ನೀರು ಹೋಗುವ ತೂತಿಗೆ ಮುಖ ಕೊಟ್ಟು ಬೋರಲು ಬಿದ್ದಿದ್ದಳು. ಆ ತೂತಿನಿಂದ ಬರುತ್ತಿದ್ದ ಹೊರಗಿನ ಗಾಳಿಯೇ ಅವಳನ್ನು ಉಳಿಸಿತ್ತು. ಕೈಯಲ್ಲಿ ಡಬ್ಬಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು, ಒಳಗಿನದು ಇನ್ನಷ್ಟು ಹೊರಗೆ ಬಾರದ ಹಾಗೆ.

ಅಂಕೋಲೆಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಕಣ್ಣು ತೊಳೆದರು. ಡಾಕ್ಟರು ವಿದ್ಯಾಳನ್ನು ಹೊರಗೆ ಕರೆದು, ಜೀವಕ್ಕೆ ಸದ್ಯ ಅಪಾಯವಿಲ್ಲ, ಗಂಟಲು ಸುಟ್ಟಿದೆ, ದನಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದರು. ದೀಕ್ಷಾಳನ್ನೂ ನೋಡಿ ಔಷಧಿಯ ಹೊಗೆ ಎಳೆಸಿ, ಎದೆ ಪರವಾಗಿಲ್ಲ, ಬೆಚ್ಚಗಿಡಿ, ಮತ್ತೆ ಏದುಸಿರು ಬಂದರೆ ಕೂಡಲೇ ಕರೆತನ್ನಿ ಎಂದು ಕಳಿಸಿದರು. ಜಟ್ಟು ತಾಯಿಮಗಳನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಇವರ ಮನೆಯಲ್ಲಿ ಆ ಹೊತ್ತು ಯಾರೂ ಮಲಗುವಂತಿರಲಿಲ್ಲ.

ವಿದ್ಯಾ ಅಜ್ಜಿಯ ಮಂಚದ ಬಳಿ ಕೂತಳು. ಫೋನು ಒಮ್ಮೆ ನಡುಗಿತು. ರವಿಕಿರಣ ಸರ್ ಬರೆದಿದ್ದರು: ರುಚಿ ಕ್ಷೇಮವೇ?

ಅವಳು ಫೋನನ್ನು ಬೋರಲು ಹಾಕಿದಳು. ಅಜ್ಜಿ ಊದಿಕೊಂಡ ರೆಪ್ಪೆಗಳ ನಡುವಿನಿಂದ ನೋಡುತ್ತಿದ್ದಳು. ತುಟಿ ಆಡಿತು, ದನಿಯಿಲ್ಲ. ಕೈ ಎತ್ತಿ ನೆಲದಿಂದ ಇಷ್ಟೆತ್ತರ ಎಂದು ತೋರಿಸಿದಳು. ದೀಕ್ಷಾ.

"ಅಡ್ಡಿಲ್ಲ ಅಜ್ಜಿ. ನಾಗಕ್ಕನ ಮನೇಲಿದ್ದಾಳೆ. ಉಸಿರು ಚಲೋ ಅದೆ."

ಅಜ್ಜಿ ತಲೆಯಾಡಿಸಿದಳು, ಅದಲ್ಲ ಎಂಬಂತೆ. ಮತ್ತೆ ಇಷ್ಟೆತ್ತರ ತೋರಿಸಿದಳು. ವಿದ್ಯಾ ಅವಳ ಹಣೆ ಸವರಿ, ಮಲಗು ಎಂದಳು. ಅಜ್ಜಿ ಆ ಕೈಯನ್ನು ಕೊಡವಿ, ವಿದ್ಯಾಳ ಒದ್ದೆ ಶಾಲಿನ ಅಂಚನ್ನು ಹಿಡಿದೆಳೆದಳು. ಆ ಅಂಚಿಗೆ ಒಂದು ಗಂಟು ಕಟ್ಟಿದಳು. ಆಮೇಲೆ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿ ತೋರಿಸಿದಳು, ಸಾರಿನ ಪಾತ್ರೆಯ ಮೇಲೆ ಉದುರಿಸುವ ಹಾಗೆ.

ವಿದ್ಯಾಳಿಗೂ ಚಿಕ್ಕಂದಿನಲ್ಲಿ ಕಟ್ಟಿದ್ದಳು ಹಾಗೆ. ದೃಷ್ಟಿ ತೆಗೆಯುವ ಮೊದಲು ಮೂರು ಕಲ್ಲು ರುಚಿ ಲಂಗದ ಅಂಚಿಗೆ, ಕಾವಲಿಗೆ.

ಅವಳು ರೂಪಾಲಿಗೆ ಹಚ್ಚಿದ ಫೋನು ಬಹಳ ಹೊತ್ತು ರಿಂಗಾಯಿತು.

"ಅತ್ಗೆ, ದೀಕ್ಷಾ ಲಂಗ ಎಲ್ಲಿದೆ?"

"ಯಾವ್ದು? ಒದ್ದೆ ಆದದ್ದಾ? ಆಸ್ಪತ್ರೆಗೆ ಹೋಗೂ ಮುಂಚೆ ನಾಗಕ್ಕ ಬಿಚ್ಚಿ ಒಲೆ ಮೇಲಿನ ಗಳುವಿಗೆ ಹಾಕಿದ್ಲು." ಬಾಗಿಲು ಮುಚ್ಚಿದ ಮನೆಯೊಳಗೆ ಅವಳ ದನಿ ಗುಂಯ್‌ಗುಟ್ಟುತ್ತಿತ್ತು. "ಇನ್ನೂ ಆ ವಾಸ್ನೆ ಹೋಗಲಿಲ್ಲ ಗೋ, ಮೂಗಲ್ಲೇ ಕೂತದೆ. ದೀಕ್ಷಾ ಒಲೆ ಬುಡಕ್ಕೇ ಮಲಗಿದ್ದಾಳೆ, ಬೆಚ್ಚಗೆ ಇರ್ಲಿ ಅಂತ."

"ವಾಸ್ನೆ ಮೂಗಲ್ಲಿಲ್ಲ, ಲಂಗದಲ್ಲಿದೆ. ಅಂಚಲ್ಲಿ ಗಂಟು ಅದೆ. ಬಿಚ್ಚಬೇಡ. ಹಾಗೇ ತಕ್ಕೊಂಡು ಹೊರಗೆ ದೂರ ಒಗಿ, ಬಾಗ್ಲು ಎಲ್ಲಾ ತೆಗಿ. ಫೋನ್ ಅವ್ಳ ಹತ್ರ ಇಟ್ಟು ಹೋಗು."

ಗಡಿಬಿಡಿ, ಪಾತ್ರೆ ಉರುಳಿದ ಸದ್ದು, ನಾಗು ಏನೋ ಕೂಗಿದ್ದು, ಬಾಗಿಲು ದಡಾರನೆ ಗೋಡೆಗೆ ಬಡಿದದ್ದು. ಆಮೇಲೆ ಮಳೆ. ಆ ಮಳೆಯೊಳಗಿಂದ, ಕಿವಿಗೆ ತೀರ ಹತ್ತಿರ, ಸಣ್ಣ ಪೀಪಿ.

"ಅತ್ತೆ," ಎಂದಿತು ಮಗು. "ಕಣ್ಣು ಉರೀತದೆ."

"ತಿಕ್ಕಬೇಡ ಪುಟ್ಟಾ. ಅಮ್ಮ ಬಂದು ಎತ್ಕಂತಾಳೆ."

"ಅಜ್ಜಿ ಎಲ್ಲಿ? ಕಥೆ ಅರ್ಧ ಆಗದೆ."

ವಿದ್ಯಾ ಮಂಚದ ಕಡೆ ನೋಡಿದಳು. ಅಜ್ಜಿಯ ಬೆರಳು ಚಾದರದ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಹೇಳು, ಹೇಳು.

"ನಾ ಹೇಳ್ತೆ. ನೀ ಹೂಂ ಅನ್ಬೇಕು, ಆಯ್ತಾ? ಆಗರದಲ್ಲಿ ಒಬ್ಳು ಇದ್ಲು."

"ಹೂಂ."

"ಅವ್ಳ ಗಂಡ ಕಡಲಿಗೆ ಹೋಗಿದ್ದ."

"ಹೂಂ." ಗಿಡ್ಡ. ಮೊದಲಿನದಕ್ಕಿಂತ ಗಿಡ್ಡ.

"ಜಟ್ಟಣ್ಣ, ಆಟೋ ತೆಗಿ," ಎಂದು ವಿದ್ಯಾ ಫೋನಿನೊಳಗೆ ಕೂಗಿ ಹೇಳಿದಳು. ಯಾರು ಕೇಳಿಸಿಕೊಂಡರೋ. ಮತ್ತೆ ದನಿ ತಗ್ಗಿಸಿದಳು. "ಅವ್ಳು ಗಾಳೀನ ಕರ್ಕೊಂಡು ಬಂದ್ಲು."

ಮಳೆ ಸುರಿಯುತ್ತಿತ್ತು. ಅಜ್ಜಿಯ ಬೆರಳು ನಿಂತಿತ್ತು.

"ಹೂಂ."

"ಬಂದು, ಅದನ್ನ ರುಚಿ ಒಳಗೆ ಕೂರ್ಸಿದ್ಲು," ಎಂದಳು ವಿದ್ಯಾ. ಇಷ್ಟಾದ ಮೇಲೂ ಆ ಇನ್ನೊಂದು ಹೆಸರು ಅವಳ ಬಾಯಿಗೆ ಬರಲಿಲ್ಲ. ಅವಳು ತನ್ನ ಉಸಿರನ್ನು ಹಿಡಿದುಕೊಂಡು, ಫೋನನ್ನು ಕಿವಿಗೆ ಒತ್ತಿ, ಆ ಕಡೆಯ ಹೂಂಗೆ ಕಾದಳು.